ಕಿವಿಗಿಂತ ಮೊದಲು ಕಣ್ಣು: ಸ್ಟ್ರಿಂಗ್ ಆರ್ಕೆಸ್ಟ್ರಾ ಕೇಳುವ ಬಗೆ

ಟಿಕೆಟ್ ತೆಗೆಯುವಾಗಲೇ ಒಂದು ವಿಷಯ ಮನಸ್ಸಿನಲ್ಲಿರಲಿ: ಮುಂದಿನ ಸಾಲಿನ ಕುರ್ಚಿ ಬೇಡ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕಲಾವಿದರ ಬೆರಳು ಕಾಣುವಷ್ಟು ಹತ್ತಿರ ಕೂರುವುದು ನಮ್ಮ ರೂಢಿ. ಸ್ಟ್ರಿಂಗ್ ಆರ್ಕೆಸ್ಟ್ರಾ, ಅಂದರೆ ಬರೀ ತಂತಿವಾದ್ಯಗಳ ಮೇಳ ಕೇಳಲು ಹೋದಾಗ ಬಾಲ್ಕನಿಯ ಮೊದಲ ಸಾಲು ಸಿಕ್ಕರೆ ಬಿಡಬೇಡಿ. ಮುಂದೆ ಕೂತವರಿಗೆ ತಮ್ಮೆದುರಿನ ಒಂದೆರಡು ಪಿಟೀಲುಗಳೇ ಜೋರಾಗಿ ಕೇಳಿಸಿ ಉಳಿದದ್ದೆಲ್ಲ ಮಸುಕಾಗುತ್ತದೆ. ಮೇಲಿನಿಂದ ನೋಡಿದರೆ ಇಪ್ಪತ್ತೋ ಮೂವತ್ತೋ ಕಮಾನುಗಳು ಒಟ್ಟಿಗೆ ಏರಿಳಿಯುವುದು ಕಾಣುತ್ತದೆ. ಈ ಮೇಳ ಹೇಗೆ ಕೂಡಿ ನುಡಿಯುತ್ತದೆ ಎಂಬುದರ ಗುಟ್ಟು ಬಹುಪಾಲು ಆ ಕಮಾನುಗಳಲ್ಲೇ ಇದೆ. ಪಾಶ್ಚಾತ್ಯ ಸಂಗೀತದ ಪಾಠ ಆಗಿರಬೇಕೆಂದೇನಿಲ್ಲ. ಕಣ್ಣಿಟ್ಟು ನೋಡುವ ತಾಳ್ಮೆ ಇದ್ದರೆ ಸಾಕು.

ಕೊಳಲು, ಕಹಳೆ, ಡ್ರಮ್ಮು ಯಾವುದೂ ಇಲ್ಲದ ಈ ಮೇಳದಲ್ಲಿ ಐದು ಗುಂಪುಗಳು: ಮೊದಲ ಪಿಟೀಲು, ಎರಡನೇ ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬೇಸ್. ಮೊದಲೆರಡು ಗುಂಪಿನವರ ಕೈಯಲ್ಲಿರುವುದು ಒಂದೇ ವಾದ್ಯ. ಎದುರಿಗಿರುವ ಹಾಳೆ ಮಾತ್ರ ಬೇರೆ. ವಿಯೋಲಾ ತುಸು ದೊಡ್ಡದು, ಪಿಟೀಲಿಗಿಂತ ಒಂದು ಪಂಚಮದಷ್ಟು ಕೆಳಗೆ ಶ್ರುತಿ ಮಾಡಿದ್ದು. ಚೆಲ್ಲೊ ಅದಕ್ಕಿಂತ ಪೂರ್ತಿ ಒಂದು ಸ್ಥಾಯಿ ಕೆಳಗೆ. ಆಳೆತ್ತರ ಮೀರಿದ ಡಬಲ್ ಬೇಸನ್ನು ನಿಂತೋ ಎತ್ತರದ ಸ್ಟೂಲಿಗೆ ಒರಗಿಯೋ ನುಡಿಸುತ್ತಾರೆ. ಅದರ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸಿದರೆ ಪಿಟೀಲಿನ ಮೇಲಿನ ತಂತಿ, ಬೆರಳಿಡದೆ ನುಡಿಸಿದಾಗಲೇ, 659 ಸಲ ಕಂಪಿಸುತ್ತದೆ. ಜನ ಎಷ್ಟಿರಬೇಕೆಂಬ ಕಟ್ಟಳೆಯಿಲ್ಲ. ರೋಮಿನ ಹೆಸರಾಂತ ‘ಇ ಮೂಸಿಚಿ’ ಹನ್ನೆರಡು ಜನರ ತಂಡ. ದೊಡ್ಡ ಸಿಂಫನಿ ಆರ್ಕೆಸ್ಟ್ರಾದ ತಂತಿವಾದ್ಯಗಳನ್ನಷ್ಟೇ ಎಣಿಸಿದರೂ ಅರವತ್ತರ ಆಸುಪಾಸಿಗೆ ಹೋಗುತ್ತದೆ.

ಅಷ್ಟೊಂದು ಜನ ಯಾಕೆ ಬೇಕು? ಸದ್ದು ಹೆಚ್ಚಲಿ ಎಂದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹತ್ತು ಪಿಟೀಲು ಒಟ್ಟಿಗೆ ನುಡಿಸಿದಾಗ ಸದ್ದು ಒಂದು ಪಿಟೀಲಿಗಿಂತ 10 ಡೆಸಿಬೆಲ್ ಹೆಚ್ಚುತ್ತದೆ, ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ, ಅಷ್ಟೇ. ಜನ ಹೆಚ್ಚಿದಂತೆ ಬದಲಾಗುವುದು ನಾದದ ಹದ. ಹತ್ತು ಜನರ ಶ್ರುತಿ ಕೂದಲೆಳೆಯಷ್ಟು ಹಿಂದುಮುಂದಾಗಿ, ಹತ್ತು ಕಮಾನು ಕ್ಷಣಾಂಶದಷ್ಟು ಆಚೀಚೆಯಾಗಿ ಬಿದ್ದಾಗ ಒಬ್ಬೊಬ್ಬರ ಗುರುತೂ ಕರಗಿ ಅಗಲವಾದ, ಮೃದುವಾದ ಒಂದು ನಾದ ಏಳುತ್ತದೆ. ವಿಚಿತ್ರವೆಂದರೆ ಒಂದೇ ಸ್ವರಸಾಲನ್ನು ಇಬ್ಬರೇ ನುಡಿಸುವುದು ಎಲ್ಲಕ್ಕಿಂತ ಕಷ್ಟ. ಒಬ್ಬರ ಸ್ವರ ಸೆಕೆಂಡಿಗೆ 440 ಸಲ, ಇನ್ನೊಬ್ಬರದು 442 ಸಲ ಕಂಪಿಸಿದರೆ ಸೆಕೆಂಡಿಗೆ ಎರಡು ಸಲ ನಾದ ಏರಿಳಿದು ಹುಳುಕನ್ನು ಸಾರಿಹೇಳುತ್ತದೆ. ಮೂರನೆಯವರು ಬಂದ ಕೂಡಲೇ ಆ ಹುಳುಕು ಮುಚ್ಚಿಕೊಳ್ಳತೊಡಗುತ್ತದೆ. ಚಿಕ್ಕ ಊರಿನ ಹವ್ಯಾಸಿ ಮೇಳ ಕಟ್ಟುವವರು ಗುಂಪಿಗೆ ಇಬ್ಬರಿದ್ದರೆ ಮೂರನೆಯವರನ್ನು ಹುಡುಕುವುದೇ ಲೇಸು.

ಕಮಾನಿನ ಒಪ್ಪಂದ

ಪಿಟೀಲಿನ ಕಮಾನನ್ನು ಎರಡು ದಿಕ್ಕಿಗೆ ಎಳೆಯಬಹುದು. ಹಿಡಿಯ ಕಡೆಯಿಂದ ತುದಿಯ ಕಡೆಗೆ ಎಳೆದರೆ ಡೌನ್ ಬೋ, ತುದಿಯಿಂದ ಹಿಡಿಗೆ ಮರಳಿದರೆ ಅಪ್ ಬೋ. ಹಿಡಿಯ ಹತ್ತಿರ ತೋಳಿನ ಭಾರವೆಲ್ಲ ತಂತಿಯ ಮೇಲೆ ಬೀಳುವುದರಿಂದ ಡೌನ್ ಬೋಗೆ ಹುಟ್ಟಿನಲ್ಲೇ ಒತ್ತು ಇರುತ್ತದೆ. ಅಪ್ ಬೋ ತುದಿಯಲ್ಲಿ ಹಗುರಾಗಿ ಶುರುವಾಗಿ ಹೋಗುತ್ತ ಹೋಗುತ್ತ ಬಲಿಯುತ್ತದೆ. ಹಾಗಾಗಿ ದಿಕ್ಕು ಬದಲಾದರೆ ವಾಕ್ಯದ ಒತ್ತೇ ಬದಲಾಗುತ್ತದೆ. ಒಂದೇ ಗುಂಪಿನಲ್ಲಿ ಆರು ಜನ ಮೇಲಕ್ಕೂ ಆರು ಜನ ಕೆಳಕ್ಕೂ ಎಳೆದರೆ ಸ್ವರ ಸರಿಯಿದ್ದರೂ ನುಡಿ ತೊದಲುತ್ತದೆ.

ಈ ಶಿಸ್ತನ್ನು ಕಟ್ಟುನಿಟ್ಟು ಮಾಡಿ ಹೆಸರಾದವನು 17ನೇ ಶತಮಾನದ ಫ್ರಾನ್ಸಿನಲ್ಲಿ ದೊರೆ ಹದಿನಾಲ್ಕನೇ ಲೂಯಿಯ ಆಸ್ಥಾನ ಸಂಗೀತಗಾರನಾಗಿದ್ದ ಲುಲ್ಲಿ. ಅವನ ವಾದಕರು ಪ್ರತಿ ಆವರ್ತದ ಮೊದಲ ಪೆಟ್ಟನ್ನು ಡೌನ್ ಬೋನಲ್ಲೇ ಹಿಡಿಯುತ್ತಿದ್ದ ಕ್ರಮವನ್ನು ಗೇಯಾರ್ಗ್ ಮುಫಾಟ್ ಎಂಬ ಸಂಗೀತಗಾರ 1698ರಲ್ಲಿ ವಿವರವಾಗಿ ಬರೆದಿಟ್ಟ. ಇದೇ ಲುಲ್ಲಿ ಲಯ ಹಾಕಲು ನೆಲಕ್ಕೆ ಕುಟ್ಟುತ್ತಿದ್ದ ಕೋಲು ಕಾಲಿಗೆ ಬಡಿದು, ಗಾಯ ಕೊಳೆತು 1687ರಲ್ಲಿ ತೀರಿಹೋದ. ಲಯಕ್ಕಾಗಿ ಪ್ರಾಣಬಿಟ್ಟವರ ಪಟ್ಟಿಯಲ್ಲಿ ಅವನೊಬ್ಬನೇ ಇರಬೇಕು.

ಈಗ ಯಾವ ಸ್ವರಕ್ಕೆ ಯಾವ ದಿಕ್ಕು ಎಂದು ಮೊದಲ ಪಿಟೀಲಿನ ಮೊದಲ ಕುರ್ಚಿಯಲ್ಲಿ ಕೂರುವ ಕನ್ಸರ್ಟ್‌ಮಾಸ್ಟರ್ ತೀರ್ಮಾನಿಸುತ್ತಾರೆ. ಉಳಿದ ಗುಂಪುಗಳ ಮುಖ್ಯಸ್ಥರು ಅದಕ್ಕೆ ಹೊಂದುವಂತೆ ತಮ್ಮ ಹಾಳೆ ಗುರುತು ಮಾಡಿಕೊಂಡು ಹಿಂದಿನವರಿಗೆ ದಾಟಿಸುತ್ತಾರೆ. ಕೆಳಗೆ ತೆರೆದ ಚೌಕದಂಥ ಗುರುತು ಡೌನ್ ಬೋಗೆ, ಇಂಗ್ಲಿಷಿನ ‘ವಿ’ಯಂಥದ್ದು ಅಪ್ ಬೋಗೆ. ಎಲ್ಲವೂ ಪೆನ್ಸಿಲ್ಲಿನಲ್ಲಿ. ತಾಲೀಮಿನ ನಡುವೆ ಹತ್ತು ಸಲ ಅಳಿಸಿ ಬರೆಯುವ ಪ್ರಸಂಗ ಬರುವುದರಿಂದ ಪೆನ್ನು ತಂದವರನ್ನು ಪಕ್ಕದವರು ದುರುಗುಟ್ಟಿ ನೋಡುತ್ತಾರೆ.

ದಿಕ್ಕು ಸರಿಹೋದರೆ ಕೆಲಸ ಅರ್ಧ ಮುಗಿದಂತೆ. ಕಮಾನಿನ ಕೂದಲು ಸುಮಾರು 65 ಸೆಂಟಿಮೀಟರ್ ಉದ್ದ. ಅದರಲ್ಲಿ ಯಾವ ಭಾಗ, ಎಷ್ಟು ಉದ್ದ ಬಳಸಬೇಕು ಎಂಬುದೂ ಹೊಂದಬೇಕು. ತುದಿಯ ಎರಡು ಬೆರಳಗಲದಲ್ಲಿ ನುಡಿಸಿದ ಮೆಲುದನಿಯೂ ನಡುಭಾಗದಲ್ಲಿ ನುಡಿಸಿದ ಮೆಲುದನಿಯೂ ಒಂದೇ ಥರ ಕೇಳಿಸುವುದಿಲ್ಲ. ತಂತಿಗಳನ್ನು ಹೊತ್ತ ಕುದುರೆಯ (ಬ್ರಿಡ್ಜ್) ಹತ್ತಿರ ಎಳೆದರೆ ದನಿ ಹರಿತ, ಬೆರಳಿಡುವ ಹಲಗೆಯ ಕಡೆ ಸರಿದರೆ ಮಂಕು. ಬಾಲ್ಕನಿಯಿಂದ ನೋಡುವಾಗ ಗಮನಿಸಿ: ಒಳ್ಳೆಯ ಗುಂಪಿನಲ್ಲಿ ಹಿಂದಿನ ಸಾಲಿನವರ ಕಮಾನೂ ಮುಂದಿನವರದಷ್ಟೇ ಉದ್ದ ಓಡುತ್ತದೆ. ಅಂಜುಬುರುಕ ಗುಂಪಿನಲ್ಲಿ ಹಿಂದೆ ಹೋದಂತೆ ಕಮಾನು ಗಿಡ್ಡವಾಗುತ್ತ ಹೋಗುತ್ತದೆ. ದನಿ ಯಾಕೆ ಬಡಕಲು ಅನ್ನಿಸುತ್ತಿದೆ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಈ ಒಪ್ಪಂದವನ್ನು ಬೇಕೆಂದೇ ಮುರಿದವರೂ ಉಂಟು. ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಕಂಡಕ್ಟರ್ ಆಗಿದ್ದ ಲಿಯೋಪೋಲ್ಡ್ ಸ್ಟೋಕೋವ್‌ಸ್ಕಿ ತಮ್ಮ ವಾದಕರಿಗೆ ಅವರವರ ಇಷ್ಟದ ದಿಕ್ಕಿನಲ್ಲಿ ಎಳೆಯಲು ಬಿಟ್ಟರು. ಎಲ್ಲರ ಕಮಾನೂ ಬೇರೆ ಬೇರೆ ಹೊತ್ತಿನಲ್ಲಿ ತಿರುಗುವುದರಿಂದ ನಾದಕ್ಕೆ ಎಲ್ಲೂ ತುಂಡೇ ಇರುತ್ತಿರಲಿಲ್ಲ. ಆ ಮೇಳದ ರೇಷ್ಮೆಯಂಥ ದನಿ ಹೆಸರುವಾಸಿಯಾದದ್ದರಲ್ಲಿ ಇದರ ಪಾಲೂ ಇದೆ. ಉಳಿದ ಮೇಳಗಳು ಇದೇ ಉಪಾಯವನ್ನು ತೀರ ಉದ್ದದ ಸ್ವರ ಬಂದಾಗ ಮಾತ್ರ ಬಳಸುತ್ತವೆ: ಹಾಳೆ ಇಡುವ ಒಂದೇ ಸ್ಟ್ಯಾಂಡನ್ನು ಹಂಚಿಕೊಂಡು ಕೂತ ಇಬ್ಬರಲ್ಲಿ ಒಬ್ಬರು ಮೊದಲು, ಇನ್ನೊಬ್ಬರು ಆಮೇಲೆ ಕಮಾನು ತಿರುಗಿಸುತ್ತಾರೆ. ಕೇಳುಗರಿಗೆ ಗೊತ್ತೇ ಆಗುವುದಿಲ್ಲ.

ಕೇಳಿ ನುಡಿಸಿದರೆ ತಡವಾಯಿತು

ಹತ್ತಾರು ಜನ ಒಟ್ಟಿಗೆ ಶುರು ಮಾಡುವುದು ಹೇಗೆ? ಒಬ್ಬರನ್ನೊಬ್ಬರು ಕೇಳಿಸಿಕೊಂಡು ಎಂಬುದು ಸಹಜವಾಗಿ ಬಾಯಿಗೆ ಬರುವ ಉತ್ತರ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮೊದಲ ಕುರ್ಚಿಯಿಂದ 10 ಮೀಟರ್ ಹಿಂದೆ ಕೂತವರಿಗೆ ಆ ಸ್ವರ ಮುಟ್ಟಲು ಸೆಕೆಂಡಿನ ಸಾವಿರದಲ್ಲಿ 29 ಭಾಗ ಬೇಕು. ಕೇಳಿಸಿಕೊಂಡ ಮೇಲೆ ಅವರು ನುಡಿಸಿದರೆ ಅದು ಸಭೆಯತ್ತ ಮರಳುವಾಗ ಇನ್ನೊಂದು 29. ಒಟ್ಟು 58. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ, ಪೆಟ್ಟಿಗೆ ನಾಲ್ಕು ಸ್ವರದಂತೆ ಓಡುವಾಗ ಒಂದೊಂದು ಸ್ವರದ ಆಯಸ್ಸು 125 ಮಾತ್ರ. ಹಿಂದಿನ ಸಾಲು ಹೆಚ್ಚುಕಮ್ಮಿ ಅರ್ಧ ಸ್ವರದಷ್ಟು ಹಿಂದೆ ಬಿದ್ದ ಹಾಗಾಯಿತು. ಅದಕ್ಕೇ ಹಿಂದೆ ಕೂತವರಿಗೆ ಕಲಿಸುವ ಮೊದಲ ಪಾಠ: ಮುಂದಿನವರ ಕಮಾನನ್ನು ನೋಡಿ ನುಡಿಸು, ಕಿವಿಗೆ ನೀನು ಸ್ವಲ್ಪ ಮುಂದಿದ್ದೀಯೆ ಅನ್ನಿಸಿದರೂ ಅನ್ನಿಸಲಿ. ಡಬಲ್ ಬೇಸಿನವರಿಗೆ ಇನ್ನೊಂದು ತೊಡಕು. ದಪ್ಪ ತಂತಿ ಮಾತಾಡಲು ಹೊತ್ತು ತೆಗೆದುಕೊಳ್ಳುತ್ತದೆ. ಅವರು ಇತರರಿಗಿಂತ ಒಂದು ಎಳೆ ಮುಂಚೆಯೇ ಕಮಾನು ಹಚ್ಚಬೇಕು.

ಶುರುವಾಗುವ ಕ್ಷಣವನ್ನು ತಪ್ಪದೆ ನೋಡಿ. ಕಂಡಕ್ಟರ್ ಇಲ್ಲದ ಚಿಕ್ಕ ಮೇಳದಲ್ಲಿ ಕನ್ಸರ್ಟ್‌ಮಾಸ್ಟರ್ ಪಿಟೀಲಿನ ತಲೆಯನ್ನು ಚೂರು ಎತ್ತಿ, ಮೂಗಿನಲ್ಲಿ ಉಸಿರೆಳೆದುಕೊಳ್ಳುತ್ತಾರೆ. ಆ ಉಸಿರು ಒಂದು ಪೆಟ್ಟಿನಷ್ಟು ಉದ್ದ. ಎಷ್ಟು ವೇಗ, ಎಷ್ಟು ಜೋರು, ಮೊನಚೋ ಮೃದುವೋ, ಎಲ್ಲವನ್ನೂ ಮೇಳ ಅದರಿಂದಲೇ ಓದಿಕೊಳ್ಳುತ್ತದೆ. ಎಲ್ಲರೂ ಜೊತೆಗೇ ಉಸಿರೆಳೆದರೆ ಮೊದಲ ಸ್ವರ ತಾನಾಗಿ ಕೂಡುತ್ತದೆ. ನ್ಯೂಯಾರ್ಕಿನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಲ್ಲಿ ಹುಟ್ಟಿದಂದಿನಿಂದ ಕಂಡಕ್ಟರ್ ಇಲ್ಲದೆಯೇ ನಡೆಯುತ್ತಿದೆ. ಅಲ್ಲಿ ಮುಂದಾಳುತನ ಕೃತಿಯಿಂದ ಕೃತಿಗೆ ಕೈ ಬದಲಾಗುತ್ತದೆ. ಇದಕ್ಕೆ ತೆರುವ ಬೆಲೆ ತಾಲೀಮಿನ ಹೊತ್ತು. ಕಂಡಕ್ಟರ್ ಒಂದು ಮಾತಿನಲ್ಲಿ ಮುಗಿಸುವುದನ್ನು ಇಪ್ಪತ್ತು ಜನ ಚರ್ಚಿಸಿ ಮುಗಿಸಬೇಕು.

ಪುಟ ತಿರುಗಿಸುವುದಕ್ಕೂ ಕ್ರಮವಿದೆ. ಒಂದು ಸ್ಟ್ಯಾಂಡಿಗೆ ಇಬ್ಬರು ಕೂತಿರುತ್ತಾರಲ್ಲ, ಸಭೆಯ ಕಡೆ ಇರುವವರು ನುಡಿಸುತ್ತಲೇ ಇರುತ್ತಾರೆ, ಒಳಗಿನವರು ಕೈಬಿಟ್ಟು ಪುಟ ಮಗುಚುತ್ತಾರೆ. ಒಂದೇ ಸಾಲು ಎರಡಾಗಿ ಒಡೆದಾಗ ಹೊರಗಿನವರಿಗೆ ಮೇಲಿನ ಸ್ವರ, ಒಳಗಿನವರಿಗೆ ಕೆಳಗಿನದು. ಬಾಯಿ ಬಿಟ್ಟು ಹೇಳಬೇಕಾದ್ದೇ ಇಲ್ಲ.

ತಂಬೂರಿ ಇಲ್ಲದ ಶ್ರುತಿ

ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿ ಎದ್ದು ಕಾಣುವ ಕೊರತೆ ಎಂದರೆ ತಂಬೂರಿ. ಶುರುವಿಗೆ ಮುನ್ನ ಕನ್ಸರ್ಟ್‌ಮಾಸ್ಟರ್ ‘ಎ’ ತಂತಿಯನ್ನು ನುಡಿಸುತ್ತಾರೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಅದು 440, ಯುರೋಪಿನ ಹಲವು ಮೇಳಗಳಲ್ಲಿ 442 ಇಲ್ಲವೇ 443. ಎಲ್ಲರೂ ಅದಕ್ಕೆ ಬಿರಡೆ ತಿರುವಿ ಹೊಂದಿಸಿಕೊಳ್ಳುತ್ತಾರೆ. ಆಮೇಲೆ ಆಧಾರಶ್ರುತಿ ಹಿಡಿದುಕೊಡುವವರು ಯಾರೂ ಇಲ್ಲ. ಅದೂ ಅಲ್ಲದೆ ಈ ಸಂಗೀತದಲ್ಲಿ ಷಡ್ಜದ ಮನೆಯೇ ಕೃತಿಯುದ್ದಕ್ಕೂ ಬದಲಾಗುತ್ತಿರುತ್ತದೆ. ಹಾಗಾಗಿ ಆ ಹೊತ್ತಿಗೆ ಬೇಸ್ ಮತ್ತು ಚೆಲ್ಲೊ ನುಡಿಸುತ್ತಿರುವ ಸ್ವರವೇ ಉಳಿದವರಿಗೆ ಆಧಾರ. ತಾಲೀಮಿನಲ್ಲಿ ಸ್ವರಮೇಳ ಕೂಡದಿದ್ದರೆ ಬೇಸಿನಿಂದ ಶುರುಮಾಡಿ ಒಂದೊಂದೇ ಗುಂಪನ್ನು ಮೇಲೆ ಪೇರಿಸುತ್ತ ಬರುತ್ತಾರೆ.

ಒಂದು ಸಣ್ಣ ತೊಡಕನ್ನು ಹತ್ತಿರದಿಂದ ನೋಡೋಣ. ಚೆಲ್ಲೊದ ತಂತಿಗಳು ಕೆಳಗಿನಿಂದ ಸಿ, ಜಿ, ಡಿ, ಎ. ಪಿಟೀಲಿನವು ಜಿ, ಡಿ, ಎ, ಇ. ಒಂದೊಂದಕ್ಕೂ ನಡುವೆ ಶುದ್ಧ ಪಂಚಮದ ಅಂತರ. ಚೆಲ್ಲೊದ ‘ಸಿ’ಯಿಂದ ಹೀಗೆ ನಾಲ್ಕು ಪಂಚಮ, ಅದರ ಮೇಲೊಂದು ಸ್ಥಾಯಿ ಹತ್ತಿ ಪಿಟೀಲಿನ ‘ಇ’ ಮುಟ್ಟಿದರೆ ಆ ‘ಇ’ ಕೆಳಗಿನ ‘ಸಿ’ಗೆ ಹಿತವಾಗಿ ಕೂಡುವ ಅಂತರ ಗಾಂಧಾರಕ್ಕಿಂತ ಸೆಮಿಟೋನಿನ ಐದನೇ ಒಂದು ಭಾಗದಷ್ಟು ಮೇಲಿರುತ್ತದೆ. ಎರಡೂ ತಂತಿ ತಮ್ಮಷ್ಟಕ್ಕೆ ಸರಿ, ಕೂಡಿದಾಗ ಮಾತ್ರ ಕಿರಿಕಿರಿ. ಅಂಥ ಕಡೆ ಅನುಭವಸ್ಥ ಪಿಟೀಲುಗಾರರು ಆ ತಂತಿಯನ್ನು ಬಿಡಿಯಾಗಿ ನುಡಿಸದೆ, ಪಕ್ಕದ ‘ಎ’ ತಂತಿಯಲ್ಲಿ ಕಿರುಬೆರಳಿಟ್ಟು ‘ಇ’ಯನ್ನು ಎಳೆಯಷ್ಟು ತಗ್ಗಿಸಿ ಕೂಡಿಸುತ್ತಾರೆ. ಶುದ್ಧಶ್ರುತಿಯ ಅಂತರ ಗಾಂಧಾರ ಪಳಗಿದ ನಮ್ಮ ಕಿವಿಗೆ ಈ ವ್ಯತ್ಯಾಸ ಬೇಗ ಹತ್ತುತ್ತದೆ.

ಯಾವುದರಿಂದ ಶುರು ಮಾಡಬೇಕು?

ನನ್ನನ್ನು ಕೇಳಿದರೆ ಚೈಕೋವ್‌ಸ್ಕಿಯ ‘ಸೆರೆನೇಡ್ ಫಾರ್ ಸ್ಟ್ರಿಂಗ್ಸ್’. 1880ರ ಶರತ್ಕಾಲದಲ್ಲಿ ಬರೆದದ್ದು, ಸುಮಾರು ಅರ್ಧ ಗಂಟೆಯ, ನಾಲ್ಕು ಭಾಗಗಳ ಕೃತಿ. ಅದೇ ಹೊತ್ತಿನಲ್ಲಿ ಅವರು ತೋಪಿನ ಸದ್ದಿಗೆ ಹೆಸರಾದ ‘1812’ ಓವರ್ಚರನ್ನೂ ಬರೆಯುತ್ತಿದ್ದರು. ಅದು ಪ್ರೀತಿಯಿಲ್ಲದೆ ಬರೆದದ್ದು, ಸೆರೆನೇಡ್ ಮಾತ್ರ ಮನಸಾರೆ ಬರೆದದ್ದು ಎಂದು ತಮ್ಮ ಪೋಷಕಿಗೆ ತಿಳಿಸಿದ್ದರು. ತಂತಿವಾದ್ಯದವರು ಎಷ್ಟು ಹೆಚ್ಚು ಜನ ಇದ್ದರೆ ಅಷ್ಟು ತಮ್ಮ ಮನಸ್ಸಿಗೆ ಒಪ್ಪಿಗೆ ಎಂದು ಸ್ಕೋರಿನಲ್ಲೇ ಬರೆದಿಟ್ಟಿದ್ದಾರೆ. ಮೊದಲ ಭಾಗ ತೆರೆಯುವುದೇ ದಟ್ಟ ಸ್ವರಮೇಳಗಳಿಂದ. ಒಬ್ಬೊಬ್ಬರು ಎರಡೆರಡು ತಂತಿಯನ್ನು ಒಟ್ಟಿಗೆ ಎಳೆಯುವುದರಿಂದ ಮೇಳ ತನ್ನ ಗಾತ್ರಕ್ಕಿಂತ ಹಿರಿದಾಗಿ ಕೇಳಿಸುತ್ತದೆ. ಇಲ್ಲಿ ಯಾವ ಗುಂಪನ್ನೂ ಬಿಡಿಸಿ ನೋಡಲು ಹೋಗಬೇಡಿ, ಕಮಾನುಗಳ ಉದ್ದ ನೋಡಿ. ಎರಡನೆಯದು ವಾಲ್ಟ್ಸ್, ಮೂರು ಎಣಿಕೆಯ ನಡೆ. ಧಾಟಿ ಮೊದಲ ಪಿಟೀಲಿನದು. ಕಣ್ಣು ಅಲ್ಲಿಂದ ಕಿತ್ತು ಒಳಗೆ ಕೂತ ಎರಡನೇ ಪಿಟೀಲು, ವಿಯೋಲಾದವರ ಕಡೆ ಹಾಯಿಸಿ. ಮೂರನೆಯ ಭಾಗದಲ್ಲಿ ಕೆಲವರು ಹಾಡಿದರೆ ಉಳಿದವರು ಬೆರಳಿನಿಂದ ತಂತಿ ಮೀಟುತ್ತಾರೆ. ಕೊನೆಯ ಭಾಗ ಕುದುರೆಗೆ ಮ್ಯೂಟ್ ಸಿಕ್ಕಿಸಿ, ದನಿ ಅಡಗಿಸಿಕೊಂಡು ಶುರುವಾಗುತ್ತದೆ. ಆ ಪುಟ್ಟ ರಬ್ಬರ್ ತುಂಡನ್ನು ಹಾಕುವ, ತೆಗೆಯುವ ಗಡಿಬಿಡಿಯೂ ಬಾಲ್ಕನಿಯಿಂದ ಕಾಣುತ್ತದೆ. ಮುಗಿಯುವ ಮುನ್ನ ಮೊದಲ ಭಾಗದ ಆ ದಟ್ಟ ಸ್ವರಮೇಳ ಮರಳಿ ಬರುತ್ತದೆ. ಭಾಗ ಭಾಗದ ನಡುವೆ ಚಪ್ಪಾಳೆ ಹೊಡೆಯುವ ವಾಡಿಕೆಯಿಲ್ಲ. ಅನುಮಾನವಿದ್ದರೆ ನುಡಿಸುವವರ ಕಮಾನು ಕೆಳಗಿಳಿಯುವ ತನಕ ಕಾಯಿರಿ.

ಇದು ಹಿಡಿಸಿದರೆ ರಿಚರ್ಡ್ ಸ್ಟ್ರಾಸ್ 1945ರಲ್ಲಿ ಮುಗಿಸಿದ ‘ಮೆಟಮಾರ್ಫೋಸೆನ್’ ಕೇಳಬಹುದು. ಹತ್ತು ಪಿಟೀಲು, ಐದು ವಿಯೋಲಾ, ಐದು ಚೆಲ್ಲೊ, ಮೂರು ಬೇಸ್. 23 ಜನರಿಗೂ ಬೇರೆ ಬೇರೆ ಹಾಳೆ, ಯಾರೂ ಪಕ್ಕದವರ ನೆರಳಿನಲ್ಲಿ ಅಡಗುವಂತಿಲ್ಲ. ಮೊದಲ ಸಲ ಕೇಳುವವರಿಗೆ ಭಾರವಾದೀತು. 

ಮಗುವನ್ನು ಎರಡನೇ ಪಿಟೀಲಿಗೆ ಹಾಕಿದ್ದಾರೆಯೇ?

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಮಕ್ಕಳನ್ನು ಶಾಲೆಯ ಸ್ಟ್ರಿಂಗ್ ಆರ್ಕೆಸ್ಟ್ರಾಕ್ಕೆ ಸೇರಿಸಿದ ಅಪ್ಪ ಅಮ್ಮಂದಿರ ಸಾಮಾನ್ಯ ತಳಮಳ ಇದು. ಎರಡನೇ ಪಿಟೀಲು ಎಂದರೆ ಎರಡನೇ ದರ್ಜೆ ಎಂದುಕೊಳ್ಳುವುದು ಬೇಡ. ಧಾಟಿ ನುಡಿಸುವವರಿಗೆ ದಾರಿ ತಾನಾಗಿ ಗೊತ್ತಿರುತ್ತದೆ. ಸಾಮಾನ್ಯವಾಗಿ ವಾಲ್ಟ್ಸ್‌ಗಳಲ್ಲಿ ಎರಡನೇ, ಮೂರನೇ ಪೆಟ್ಟು ಹಾಕುತ್ತ ಹೋಗುವ ಎರಡನೇ ಪಿಟೀಲು ಮತ್ತು ವಿಯೋಲಾದವರೇ ಲಯ ಓಡದಂತೆ ಹಿಡಿದಿಡುವವರು. ಅವರು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ, ಮೆಚ್ಚುಗೆ ಮಾತ್ರ ಮೊದಲ ಪಿಟೀಲಿಗೆ ಹೋಗುತ್ತದೆ. ಈ ಅನ್ಯಾಯಕ್ಕೆ ನನ್ನ ಬಳಿ ಮದ್ದಿಲ್ಲ.

ಮನೆಯಲ್ಲಿ ಕರ್ನಾಟಕ ಶೈಲಿಯ ಪಿಟೀಲು ಕಲಿತ ಮಗುವಾದರೆ ಕೆಲವು ರೂಢಿ ಬದಲಾಗಬೇಕು. ನೆಲದ ಮೇಲೆ ಕೂತು ವಾದ್ಯದ ತಲೆಯನ್ನು ಪಾದಕ್ಕೆ ಊರುವ ಬದಲು ಕುರ್ಚಿಯಲ್ಲಿ ಕೂತು ಗಲ್ಲ, ಭುಜದ ನಡುವೆ ಹಿಡಿಯಬೇಕು. ಸ-ಪ-ಸ-ಪ ಶ್ರುತಿಯ ಬೆರಳುಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಎಲ್ಲಕ್ಕಿಂತ ಕಷ್ಟ ಜಾರುವ ಬೆರಳನ್ನು ತಡೆಯುವುದು. ಒಬ್ಬರ ಗಮಕ ಚೆಂದ. ಹತ್ತು ಜನ ಹತ್ತು ಬಗೆಯಲ್ಲಿ ಜಾರಿದರೆ ಸ್ವರ ಯಾವುದೆಂದೇ ತಿಳಿಯದು. ಬೆರಳು ನೇರ ಸ್ವರದ ಮೇಲೇ ಬೀಳಬೇಕು. ಹಾಳೆ ನೋಡಿ ನುಡಿಸುವ ಅಭ್ಯಾಸವಂತೂ ದಿನವೂ ಬೇಕು. ಹಾಗೆಂದು ಶ್ರುತಿಜ್ಞಾನ, ಎಣಿಕೆಯ ಗಟ್ಟಿತನ ಎಲ್ಲೂ ಹೋಗುವುದಿಲ್ಲ. ಆ ಎರಡರಲ್ಲಿ ನಮ್ಮ ಮಕ್ಕಳು ಮುಂದಿರುವುದೇ ಹೆಚ್ಚು.

ತಾಲೀಮಿನ ನಡುವೆ ಮಗು ದಾರಿ ತಪ್ಪಿದರೆ ಏನು ಮಾಡಬೇಕು ಎಂದು ಮೊದಲೇ ಹೇಳಿಕೊಡಿ: ನಿಲ್ಲಿಸಿ ಮುಖ ಸಪ್ಪೆ ಮಾಡುವುದು ಬೇಡ, ಊಹಿಸಿ ನುಡಿಸುವುದಂತೂ ಬೇಡವೇ ಬೇಡ. ಕಮಾನನ್ನು ತಂತಿಗೆ ತಾಗಿಸದೆ ಪಕ್ಕದವರ ದಿಕ್ಕಿನಲ್ಲೇ ಆಡಿಸುತ್ತ, ಎಣಿಸುತ್ತ ಇದ್ದು ಗೊತ್ತಿರುವ ಜಾಗ ಬಂದಾಗ ಒಳಗೆ ಸೇರಿಕೊಳ್ಳಬೇಕು. ವೃತ್ತಿಪರರೂ ಇದನ್ನೇ ಮಾಡುತ್ತಾರೆ.

ಎರಡನೇ ಪಿಟೀಲಿನ ಬೆಲೆ ಮಗುವಿಗೆ ಕಿವಿಯಾರೆ ತಿಳಿಯಬೇಕಾದರೆ ಪೂರ್ಣ ಆರ್ಕೆಸ್ಟ್ರಾಕ್ಕೆ ಬರೆದ ಒಂದು ಕೃತಿಯನ್ನು ಕೇಳಿಸಿ, ಚೈಕೋವ್‌ಸ್ಕಿಯ 1893ರ ಆರನೇ ಸಿಂಫನಿಯ ಕೊನೆಯ ಭಾಗ. ಅದು ತೆರೆಯುವ ದುಃಖದ ಧಾಟಿ ಯಾರ ಹಾಳೆಯಲ್ಲೂ ಇಡಿಯಾಗಿ ಇಲ್ಲ. ಒಂದು ಸ್ವರ ಮೊದಲ ಪಿಟೀಲಿನಲ್ಲಿ, ಮುಂದಿನದು ಎರಡನೇ ಪಿಟೀಲಿನಲ್ಲಿ, ಹೀಗೆ ಒಂದು ಬಿಟ್ಟು ಒಂದು ಹಂಚಿದ್ದಾರೆ. ಒಂದೇ ಗುಂಪನ್ನು ನುಡಿಸಲು ಹೇಳಿದರೆ ಎತ್ತೆತ್ತಲೋ ನೆಗೆಯುವ ಅರ್ಥವಿಲ್ಲದ ಸ್ವರಗಳು ಕೇಳಿಸುತ್ತವೆ. ಧಾಟಿ ಮುಂದೆ ಮರಳಿದಾಗ ಮೊದಲ ಪಿಟೀಲಿಗೇ ಪೂರ್ತಿ ಕೊಟ್ಟಿದ್ದಾರೆ. ಎರಡು ಪಿಟೀಲು ಗುಂಪುಗಳು ವೇದಿಕೆಯ ಎಡಬಲಕ್ಕೆ ಎದುರುಬದುರಾಗಿ ಕೂತ ರೆಕಾರ್ಡಿಂಗ್ ಹುಡುಕಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಶುರುವಿನಲ್ಲಿ ಧಾಟಿ ಒಂದು ಕಿವಿಯಿಂದ ಇನ್ನೊಂದಕ್ಕೆ ದಾಟುತ್ತ ಬರುತ್ತದೆ, ಮರಳಿ ಬಂದಾಗ ಒಂದೇ ಕಡೆ ನಿಂತಿರುತ್ತದೆ.